ಬೇಕೆಂದೇ ಸೋಲುವ ಯಂತ್ರ



ಮಳೆ ಹಿಡಿದುಕೊಂಡಿದ್ದ ಹೋದ ಶ್ರಾವಣದ ಒಂದು ಸೋಮವಾರ, ಪ್ರಸಾದವಾದ ಮೇಲೆ, ದಾಳಿಂಬದ ಕಡೆಯ ಒಬ್ಬ ಭಕ್ತರ ಮಗ ಶ್ರೀಮಠದ ಕಚೇರಿಯ ಬಾಗಿಲಿಗೆ ಬಂದು ನಿಂತ. ಸೋಲಾಪುರದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ ಓದುವ ಹುಡುಗ. ಕಂಕುಳಲ್ಲಿ ಗೋಣಿಚೀಲ ಸುತ್ತಿದ ಒಂದು ಚೌಕ ಪೆಟ್ಟಿಗೆ. ತಂದೆಯವರು ದೇಣಿಗೆ ಕಳಿಸಿರಬೇಕೆಂದು ನಾವು ಪಾವತಿ ಪುಸ್ತಕ ತೆಗೆದೆವು. ಅವನು, "ಪಾವತಿ ಬ್ಯಾಡ್ರಿ, ಒಂದು ಮಾತು ಕೇಳೋದಿತ್ತು. ನಾನು ಮಾಡಿದ್ದು ತಪ್ಪೋ ಒಪ್ಪೋ ಹೇಳ್ರಿ" ಎಂದ. ಜಮಾ-ಖರ್ಚು ನೋಡುವವರ ಮುಂದೆ ಇಂಥ ಪ್ರಶ್ನೆ ಬರುವುದು ಅಪರೂಪ. ಪೂಜ್ಯರು ಅಂದು ಪ್ರವಾಸದಲ್ಲಿದ್ದರು. ಹೀಗಾಗಿ ಪ್ರಶ್ನೆ ನಮ್ಮ ಪಾಲಿಗೆ ಬಂತು. ಅಂದು ನಮಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹಲವು ದಿನ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಪೆಟ್ಟಿಗೆಯಲ್ಲಿದ್ದುದು ಚದುರಂಗದ ಮಣೆ. ನಮ್ಮ ಕಡೆ ಮರಾಠಿ ಶಾಲೆಯಲ್ಲಿ ಓದಿದವರು ಬುದ್ಧಿಬಳ ಎನ್ನುತ್ತಾರೆ, ಎರಡೂ ಒಂದೇ. ಈ ಹುಡುಗ ಮತ್ತು ಅವನ ಇಬ್ಬರು ಗೆಳೆಯರು ಕಾಲೇಜಿನ ಪ್ರೊಜೆಕ್ಟಿಗೆಂದು ಅದನ್ನು ಕಟ್ಟಿದ್ದಾರೆ. ಮಣೆಯ ಒಂದು ಬದಿಗೆ ಮನುಷ್ಯ ಕೂಡುತ್ತಾನೆ, ಎದುರಿಗೆ ಯಾರೂ ಇಲ್ಲ. ನೀವು ಒಂದು ಕಾಯಿ ನಡೆಸಿದರೆ ಎದುರಿನ ಕಾಯಿ ತಾನಾಗಿಯೇ ಸರಿದು ತನ್ನ ಮನೆಗೆ ಹೋಗಿ ನಿಲ್ಲುತ್ತದೆ. ಕಚೇರಿಯ ಮೇಜಿನ ಮೇಲೆ ಇಟ್ಟು ತೋರಿಸಿದಾಗ ದಾಸೋಹದ ಅಡುಗೆಯವರು ಎರಡು ಹೆಜ್ಜೆ ಹಿಂದೆ ಸರಿದರು.

ಇದರಲ್ಲಿ ಮಾಟವೇನೂ ಇಲ್ಲ. ಮಣೆಯ ಅಡಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಹಳಿಗಳಿವೆ. ಎರಡು ಚಿಕ್ಕ ಮೋಟಾರುಗಳು ಪಟ್ಟಿಯ ಮೂಲಕ ಒಂದು ಪುಟ್ಟ ಗಾಡಿಯನ್ನು ಆ ಹಳಿಗಳ ಮೇಲೆ ಎಳೆದಾಡುತ್ತವೆ. ಗಾಡಿಯ ಮೇಲೆ ಕರೆಂಟು ಕೊಟ್ಟಾಗ ಮಾತ್ರ ಹಿಡಿಯುವ ಅಯಸ್ಕಾಂತ. ಪ್ರತಿ ಕಾಯಿಯ ತಳದಲ್ಲಿಯೂ ಒಂದು ಅಯಸ್ಕಾಂತದ ಬಿಲ್ಲೆ. ಗಾಡಿ ಕಾಯಿಯ ಕೆಳಗೆ ಹೋಗಿ, ಹಿಡಿದು, ಎಳೆದೊಯ್ದು, ಬಿಟ್ಟು ಬರುತ್ತದೆ. 64 ಮನೆಗಳ ಅಡಿಯಲ್ಲಿ 64 ಸೂಕ್ಷ್ಮ ಸ್ವಿಚ್ಚುಗಳು ಇದ್ದು, ನೀವು ಯಾವ ಮನೆಯ ಕಾಯಿ ಎತ್ತಿ ಎಲ್ಲಿ ಇಟ್ಟಿರೆಂದು ಯಂತ್ರಕ್ಕೆ ತಿಳಿಸುತ್ತವೆ. ಕಷ್ಟವಾದದ್ದು ಕುದುರೆಯದಂತೆ. ಕುದುರೆ ಬೇರೆ ಕಾಯಿಗಳನ್ನು ಹಾರಿ ಹೋಗಬೇಕು. ಅಡಿಯಿಂದ ಎಳೆಯುವ ಅಯಸ್ಕಾಂತಕ್ಕೆ ಹಾರಿಸುವುದು ಬಾರದು. ಅದಕ್ಕೆ ಕುದುರೆಯನ್ನು ಮನೆಗಳ ನಡುವಿನ ಗೆರೆಯ ಮೇಲೆ, ಜೋಳದ ಎರಡು ಸಾಲುಗಳ ನಡುವೆ ಎಡೆಕುಂಟೆ ಹೊಡೆದ ಹಾಗೆ, ಅತ್ತಿತ್ತ ತಾಗದಂತೆ ತರಬೇಕು. ಮನೆಗಳು ಇಕ್ಕಟ್ಟಾದರೆ ಪಕ್ಕದ ಕಾಯಿಯೂ ಅಂಟಿಕೊಂಡು ಹಿಂದೆ ಬರುತ್ತದೆ. ಹುಡುಗರು ಇದೊಂದಕ್ಕೇ ಎರಡು ತಿಂಗಳು ಕಳೆದರಂತೆ.

ಇದು ತಮ್ಮ ಸ್ವಂತ ಕಲ್ಪನೆಯಲ್ಲವೆಂದು ಹುಡುಗ ತಾನಾಗಿಯೇ ಹೇಳಿದ. ಮುಂಬಯಿಯಲ್ಲಿ ಭವ್ಯ ಗೋಹಿಲ್ ಮತ್ತು ಆತುರ್ ಮೆಹ್ತಾ ಎಂಬ ಇಬ್ಬರು ತರುಣ ಇಂಜಿನಿಯರರು, ಕಣ್ಣಿಲ್ಲದವರೂ ಆಡಬಹುದಾದ ಮಣೆ ಮಾಡಬೇಕೆಂಬ ತಮ್ಮ ಕಾಲೇಜು ದಿನಗಳ ವಿಚಾರದಿಂದ ಹೊರಟು, ಇನ್ಫಿವೆನ್ಶನ್ ಎಂಬ ಕಂಪನಿ ಕಟ್ಟಿ, "ಸ್ಕ್ವೇರ್ ಆಫ್" ಎಂಬ ತಾನೇ ಆಡುವ ಮಣೆಯನ್ನು 2016ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಅಮೆರಿಕದ ಸಂಸ್ಥೆಯ ಮೂಲಕ ಜಗತ್ತಿನ ಮುಂದಿಟ್ಟರು. ಅಲ್ಲಿಯ ಪದ್ಧತಿ ನಮ್ಮ ವ್ಯಾಪಾರಿ ಬಂಧುಗಳಿಗೆ ತಿಳಿದಿರಲಿ: ಸರಕು ತಯಾರಾಗುವ ಮೊದಲೇ ಕೊಳ್ಳುವವರು ಮುಂಗಡ ಬರೆಸುತ್ತಾರೆ; ಗುರಿಯಷ್ಟು ಹಣ ಕೂಡದಿದ್ದರೆ ಯಾರ ಹಣವನ್ನೂ ಮುಟ್ಟುವುದಿಲ್ಲ. ಈ ಹುಡುಗರಿಗೆ ಕೇಳಿದ್ದಕ್ಕಿಂತ ಹಲವು ಪಟ್ಟು ಬಂತು. 2022ರಲ್ಲಿ ಮುಂಬಯಿಯದೇ ಆದ, ಮಕ್ಕಳ ಯಂತ್ರಗೊಂಬೆ ಮಾಡುವ ಮೀಕೋ ಎಂಬ ಕಂಪನಿ ಅದರ ಬಹುಪಾಲನ್ನು ಕೊಂಡುಕೊಂಡಿತು. ಆ ಮಣೆ ಕೊಳ್ಳುವಷ್ಟು ಹಣ ನಮ್ಮ ಹುಡುಗರ ಬಳಿ ಇರಲಿಲ್ಲ. ಏಳೆಂಟು ಸಾವಿರದ ಸಾಮಾನು ತಂದು, ಹಳೆಯ ಪ್ರಿಂಟರಿನ ಮೋಟಾರು ಕಳಚಿ, ತಾವೇ ಕಟ್ಟಿದರು.

ಕಟ್ಟಿದ್ದು ಯಾರಿಗಾಗಿ ಎಂಬುದೇ ಮುಖ್ಯ. ಹುಡುಗನ ಊರಿನಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಜಿಲ್ಲಾ ಪರಿಷತ್ತಿನ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ಹುಡುಗನ ತಂದೆಯೂ ಅವರ ಕೈಯಲ್ಲೇ ಕಲಿತವರು. ಸಕ್ಕರೆ ಬೇನೆಯಿಂದ ಎರಡೂ ಕಣ್ಣು ಹೋಗಿ ಆರು ವರ್ಷವಾಯಿತು. ಮಗ-ಸೊಸೆ ಪುಣೆಯಲ್ಲಿ, ಮಾಸ್ತರರು ಊರಲ್ಲಿ ತಂಗಿಯ ಮನೆಯವರೊಂದಿಗೆ. ದಿನಾಲು ಸಂಜೆ ಅವರೊಂದಿಗೆ ಬುದ್ಧಿಬಳ ಆಡುತ್ತಿದ್ದ ಗೆಳೆಯರೊಬ್ಬರು ಕೋವಿಡ್ ಕಾಲದಲ್ಲಿ ತೀರಿಕೊಂಡರು. ಅಂದಿನಿಂದ ಮಣೆ ಅಟ್ಟದ ಮೇಲೆ.

ಕಣ್ಣಿಲ್ಲದವರು ಚದುರಂಗ ಆಡುವರೇ ಎಂದು ಕೇಳುವವರಿದ್ದಾರೆ. ಚೆನ್ನಾಗಿ ಆಡುತ್ತಾರೆ. ಅವರ ಮಣೆಯಲ್ಲಿ ಕಪ್ಪು ಮನೆಗಳು ತುಸು ಎತ್ತರ, ಪ್ರತಿ ಮನೆಗೆ ಒಂದು ತೂತು, ಕಾಯಿಯ ತಳದಲ್ಲಿ ಮೊಳೆ. ಕರಿಯ ಕಾಯಿಗಳ ತಲೆಯ ಮೇಲೆ ಗುರುತಿನ ಮುಳ್ಳು. ಬೆರಳಿನಿಂದ ಮುಟ್ಟಿ ನೋಡಿ ಆಡುವುದು. ಶಿವಮೊಗ್ಗದ ಕಿಶನ್ ಗಂಗೊಳ್ಳಿಯವರು ಈ ಆಟದಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವರು. ಬಡೋದೆಯ ದರ್ಪಣ ಇನಾನಿಯವರು 2023ರಲ್ಲಿ ಚೀನಾದ ಹಾಂಗ್‌ಝೌದಲ್ಲಿ ನಡೆದ ಏಷ್ಯಾ ಪ್ಯಾರಾ ಕ್ರೀಡೆಗಳಲ್ಲಿ ಚಿನ್ನದ ಪದಕ ಗೆದ್ದರು. ಅವರು ಚಾರ್ಟರ್ಡ್ ಅಕೌಂಟೆಂಟ್ ಕೂಡ. (ಆ ಪರೀಕ್ಷೆಗೆ ನಾವೂ ಬಿ.ಕಾಂ. ಮುಗಿಸಿ ಒಮ್ಮೆ ಕೂತಿದ್ದೆವು. ಎರಡು ಕಣ್ಣಿದ್ದೂ ದಾಟಲಾಗಲಿಲ್ಲ.)

ಹುಡುಗರಿಗೆ ಇಲ್ಲಿ ಒಂದು ತೊಡಕು ಬಂತು. ಕಾಯಿಗೆ ಮೊಳೆ ಇಟ್ಟರೆ ಅಯಸ್ಕಾಂತ ಎಳೆಯಲಾರದು. ಮೊಳೆ ಇಲ್ಲದಿದ್ದರೆ ಮುಟ್ಟಿ ನೋಡುವಾಗ ಕೈತಾಗಿ ಕಾಯಿ ಜರುಗುತ್ತದೆ. ಕೊನೆಗೆ ಕಾಯಿಗಳ ತಳ ಭಾರ ಮಾಡಿ, ಜರುಗಿದರೆ ಯಂತ್ರವೇ ಬಾಯಿಬಿಟ್ಟು ಹೇಳುವಂತೆ ಮಾಡಿದರು. ಯಂತ್ರದ ಮಾತು ಮೊಬೈಲಿನಿಂದ ಬರುತ್ತದೆ. ದನಿ ಮಾತ್ರ ಹುಡುಗನದೇ, ನಮ್ಮ ಕಡೆಯ ಕನ್ನಡದಲ್ಲಿ. "ಮಾಸ್ತರ, ಒಂಟೆ ಸರದೈತಿ, ಸರಿ ಇಡ್ರಿ" ಎನ್ನುತ್ತದೆ. ಮೇಲಿನಿಂದ ಎತ್ತಿಡುವ ಯಂತ್ರದ ಕೈಯನ್ನು ಅವರು ಬೇಕೆಂದೇ ಬಿಟ್ಟರು. 2022ರ ಜುಲೈಯಲ್ಲಿ ಮಾಸ್ಕೋದ ಒಂದು ಪಂದ್ಯದಲ್ಲಿ ಅಂಥ ಕೈಯೊಂದು, ತನ್ನ ನಡೆ ಮುಗಿಯುವ ಮೊದಲೇ ಕೈ ಚಾಚಿದ ಏಳು ವರ್ಷದ ಬಾಲಕನ ಬೆರಳು ಹಿಡಿದು ಮುರಿದಿತ್ತು. ಕಣ್ಣಿಲ್ಲದವರು ಆಡುವ ಕಡೆ ಅಂಥದು ಬೇಡವೆಂದು ಇವರು ಎಣಿಸಿದ್ದು ಸರಿಯೇ.

ಇನ್ನು ಆಡುವ ಬುದ್ಧಿ. ಅದನ್ನು ಹುಡುಗರು ಬರೆದಿಲ್ಲ. ಸ್ಟಾಕ್‌ಫಿಶ್ ಎಂಬ ಪ್ರೋಗ್ರಾಮು 2008ರಿಂದ ಇದೆ, ಯಾರು ಬೇಕಾದರೂ ಪುಕ್ಕಟೆಯಾಗಿ ತೆಗೆದುಕೊಳ್ಳಬಹುದು. ಅದು ಪೂರ್ತಿ ಶಕ್ತಿಯಿಂದ ಆಡಿದರೆ ಇಂದು ಜಗತ್ತಿನ ಯಾವ ಮನುಷ್ಯನೂ ಅದರೆದುರು ನಿಲ್ಲಲಾರ. 1997ರಲ್ಲಿಯೇ ಐಬಿಎಂ ಕಂಪನಿಯ ಡೀಪ್ ಬ್ಲೂ ಎಂಬ ಗಣಕಯಂತ್ರ ಆಗಿನ ಜಗಜ್ಜೇತ ಕಾಸ್ಪರೋವ್ ಅವರನ್ನು ನ್ಯೂಯಾರ್ಕಿನಲ್ಲಿ ಮೂರೂವರೆ–ಎರಡೂವರೆ ಅಂಕಗಳಿಂದ ಸೋಲಿಸಿತ್ತು. ಈಗಿನ ಪ್ರೋಗ್ರಾಮುಗಳು ಅದಕ್ಕಿಂತ ಬಹಳ ಮುಂದೆ ಹೋಗಿವೆ. ಹಾಗಿದ್ದ ಮೇಲೆ ಅದರೊಂದಿಗೆ ಆಡುವವರು ಯಾರು? ಪ್ರತಿ ಸಲವೂ ಸೋಲಲು ಯಾರೂ ಕೂಡುವುದಿಲ್ಲ. ಅದಕ್ಕಾಗಿ ಅದಕ್ಕೆ 0ರಿಂದ 20ರವರೆಗೆ ಮೆಟ್ಟಿಲುಗಳನ್ನು ಮಾಡಿದ್ದಾರೆ. ಕೆಳಗಿನ ಮೆಟ್ಟಿಲಿನಲ್ಲಿ ಅದು ಮುಂದಿನ ನಡೆಗಳನ್ನು ಬಹಳ ದೂರ ನೋಡುವುದಿಲ್ಲ. ಕಂಡ ನಾಲ್ಕು ನಡೆಗಳಲ್ಲಿಯೂ ಒಳ್ಳೆಯದನ್ನು ಬಿಟ್ಟು ಕೀಳಾದುದನ್ನು ಆಗಾಗ ಆರಿಸಿಕೊಳ್ಳುತ್ತದೆ. ಅಂದರೆ ಒಳ್ಳೆಯ ನಡೆ ಅದಕ್ಕೆ ಕಾಣುತ್ತದೆ, ಕಂಡೂ ಬಿಡುತ್ತದೆ. ಗೆಲ್ಲುವುದನ್ನು ಕಲಿತ ಯಂತ್ರಕ್ಕೆ ಸೋಲುವುದನ್ನು ಬೇರೆಯಾಗಿ ಕಲಿಸಬೇಕಾಯಿತು.

ಹುಡುಗ ಮಣೆಯನ್ನು ಮಾಸ್ತರರ ಮನೆಗೆ ಒಯ್ದ ದಿನ ಅದನ್ನು ಸೊನ್ನೆಗೆ ಇಟ್ಟ. ಏನೂ ಹೇಳಲಿಲ್ಲ. ಮಾಸ್ತರರು ಮೊದಲ ಆಟ ಗೆದ್ದರು. ಮರುದಿನ ಎರಡು ಗೆದ್ದರು. ಆರು ವರ್ಷ ಕಂಬಕ್ಕೆ ಒರಗಿ ಕೂತಿದ್ದವರು ಓಣಿಯಲ್ಲಿ ಪೇಡೆ ಹಂಚಿದರು. ಪುಣೆಗೆ ಫೋನು ಮಾಡಿ, ಕಂಪ್ಯೂಟರನ್ನು ಸೋಲಿಸಿದೆ ಎಂದು ಮಗನಿಗೆ ಹೇಳಿದರು. ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ, ತಂಗಿಯ ಮೊಮ್ಮಗ, ಐದನೆಯ ಇಯತ್ತೆಯ ಪೋರ, "ಅಜ್ಜಾ, ಅದನ್ನ ಸೊನ್ನಿಗೆ ಇಟ್ಟಾರ, ನಾನೂ ಸೋಲಿಸ್ತೀನಿ" ಎಂದು ಅಂದುಬಿಟ್ಟ.

ಮಾಸ್ತರರು ಸಿಟ್ಟಾಗಲಿಲ್ಲವಂತೆ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದ ಹುಡುಗ. "ಮಣಿ ತಗೊಂಡು ಹೋಗಪ್ಪಾ. ನಿನ್ನ ಪರೀಕ್ಷಾ ಮುಗಿದಿರಬೇಕು" ಎಂದು ಇಷ್ಟೇ ಹೇಳಿ ಗೋಡೆಯ ಕಡೆ ಹೊರಳಿ ಮಲಗಿದರು. ಹುಡುಗ ಮಣೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಊರಿಗೂ ಹೋಗದೆ ನೇರ ಮಠಕ್ಕೆ ಬಂದಿದ್ದ. ಅವನ ಪ್ರಶ್ನೆ ಇದು: ಅವರಿಗೆ ಖುಷಿಯಾಗಲೆಂದು ಮಾಡಿದೆ. ಖುಷಿಯೂ ಆಯಿತು. ಹಾಗಿದ್ದರೆ ಇದರಲ್ಲಿ ನನ್ನ ತಪ್ಪು ಯಾವುದು?

ಬಂಧುಗಳೇ, ಈ ತಪ್ಪನ್ನು ನಾವೂ ಒಮ್ಮೆ ಮಾಡಿದ್ದೇವೆ. ನಮ್ಮ ತಂದೆಯವರು ಚೌಕಾಬಾರಾದಲ್ಲಿ ಬಲು ಗಟ್ಟಿಗರು. ಕವಡೆ ಯಾರ ಮಾತೂ ಕೇಳುವುದಿಲ್ಲ, ನಿಜ. ಆದರೆ ಬಿದ್ದ ಗರಕ್ಕೆ ಯಾವ ಕಾಯಿ ನಡೆಸಬೇಕೆಂಬುದರಲ್ಲಿ ಬುದ್ಧಿ ಬೇಕು. ಅವರು ಹಾಸಿಗೆ ಹಿಡಿದ ಕೊನೆಯ ವರ್ಷ ನಾವು ಸಂಜೆ ಅವರೊಂದಿಗೆ ಕೂತು ಆಡುತ್ತಿದ್ದೆವು. ಒಂದು ದಿನ ಅವರ ಕಾಯಿಯನ್ನು ಹೊಡೆಯಬಹುದಾಗಿದ್ದರೂ ಹೊಡೆಯದೆ ಬೇರೆ ಕಾಯಿ ಸರಿಸಿದೆವು. ಅವರು ನಮ್ಮ ಮುಖ ನೋಡಿದರು. ಕವಡೆಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿ, "ನಾನು ಇನ್ನೂ ಸತ್ತಿಲ್ಲೋ" ಎಂದರು. ಆಮೇಲೆ ಒಂದು ತಿಂಗಳು ಅವರು ಆಡಲಿಲ್ಲ. ಮತ್ತೆ ಆಡಿದಾಗ ನಾವು ಸರಿಯಾಗಿ ಆಡಿದೆವು, ಅವರೇ ಹೆಚ್ಚು ಸಲ ಸೋತರು, ಸೋತಾಗೆಲ್ಲ ನಮ್ಮನ್ನು ಬೈದರು. ಆ ಬೈಗುಳದಲ್ಲಿ ಅವರಿಗೆ ಉಂಟಾದ ಸುಖ, ನಾವು ಬಿಟ್ಟುಕೊಟ್ಟ ಗೆಲುವಿನಲ್ಲಿ ಉಂಟಾಗಿರಲಿಲ್ಲ.

ಆದರೂ ಹುಡುಗನ ಮಾತನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ. ಗುಟ್ಟಾಗಿ ಕೊಡುವುದು ನಮ್ಮಲ್ಲಿ ದೊಡ್ಡ ಗುಣ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರ ಕಡೆ ಭೂಮಿ ನಡುಗಿ ಊರಿಗೆ ಊರೇ ಮಣ್ಣಾದಾಗ ನಾವು ಶಾಲೆಯ ಹುಡುಗರು. ಆ ದಿನಗಳಲ್ಲಿ ಎಲ್ಲಿಯದೆಂದು ತಿಳಿಯದ ಲಾರಿಗಳಲ್ಲಿ ಅಕ್ಕಿ, ಜೋಳ, ಕಂಬಳಿ ಬಂದವು. ಚೀಲದ ಮೇಲೆ ಹೆಸರಿರಲಿಲ್ಲ. ಉಂಡವರಿಗೆ ಕೊಟ್ಟವರು ಯಾರೆಂದು ಇಂದಿಗೂ ಗೊತ್ತಿಲ್ಲ. ಬರಗಾಲದಲ್ಲಿ ರೈತನ ಮಾನ ಹೋಗಬಾರದೆಂದು ಅವನಿಗೆ ಹೇಳದೆಯೇ ಖಾತೆಯ ಬಾಕಿಯನ್ನು ಕಡಿಮೆ ಬರೆದ ಅಡತಿ ಸಾಹುಕಾರರೂ ಇದ್ದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಇದನ್ನು ಮೋಸವೆಂದು ಯಾರೂ ಅನ್ನುವುದಿಲ್ಲ. ಹಾಗಾದರೆ ಹುಡುಗ ಗುಟ್ಟಾಗಿ ಕೊಟ್ಟ ಗೆಲುವು ಮಾತ್ರ ಏಕೆ ಮೋಸವಾಗಬೇಕು?

ಇದನ್ನು ನಾವು ಬಹಳ ದಿನ ತೂಗಿ ನೋಡಿದೆವು. ನಮಗೆ ತೋರಿದ್ದು ಇಷ್ಟು. ಕೊಟ್ಟವನ ಹೆಸರು ತಿಳಿಯದಿದ್ದರೂ ಜೋಳ ಜೋಳವೇ, ಹೊಟ್ಟೆ ತುಂಬುತ್ತದೆ; ಹತ್ತು ವರ್ಷದ ಮೇಲೆ ಹೆಸರು ತಿಳಿದರೂ ಉಂಡದ್ದು ಹುಸಿಯಾಗುವುದಿಲ್ಲ. ಮನ್ನಾ ಆದ ಬಾಕಿ ಮನ್ನಾ ಆದದ್ದೇ. ಗೆಲುವು ಹಾಗಲ್ಲ. ಗೆಲುವೆಂದರೆ ಎದುರಿನವನು ತನ್ನಿಂದಾದಷ್ಟು ಮಾಡಿದ, ಆದರೂ ನಾನು ಮೀರಿದೆ ಎಂಬುದು. ಎದುರಿನವನು ಮಾಡಲಿಲ್ಲವೆಂದ ಮೇಲೆ ಅಲ್ಲಿ ಕೊಡುವುದಕ್ಕೆ ಏನೂ ಉಳಿಯುವುದಿಲ್ಲ, ಬರಿಯ ಚೀಲ. ಮಾಸ್ತರರಿಗೆ ಎಂಟು ದಿನ ಸಿಕ್ಕದ್ದು ಬರಿಯ ಚೀಲ. ಅದು ಖಾಲಿಯೆಂದು ಓಣಿಯ ಪೋರನಿಗೂ ಗೊತ್ತಿತ್ತು, ಅವರೊಬ್ಬರಿಗೆ ಗೊತ್ತಿರಲಿಲ್ಲ. ಪೇಡೆ ತಿಂದವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ ಎಂದು ಅವರು ಗೋಡೆಯ ಕಡೆ ಹೊರಳಿ ಎಣಿಸಿರಬೇಕು.

ಜಾತ್ರೆಯ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲೇ ಮಾತಾಡಿಕೊಂಡು ಒಬ್ಬ ಬೀಳುವುದಕ್ಕೆ ನೂರಾ ಕುಸ್ತಿ ಎನ್ನುತ್ತಾರೆ. ಜನರಿಗೆ ಸುಳಿವು ಹತ್ತಿದರೆ ಮಣ್ಣು ತೂರುತ್ತಾರೆ. ಆದರೆ ಅದೇ ತಾಲೀಮಿನಲ್ಲಿ ಬೆಳಗಿನ ಹೊತ್ತು ಉಸ್ತಾದ ತನ್ನ ಹದಿಮೂರು ವರ್ಷದ ಶಿಷ್ಯನ ಕೈಯಲ್ಲಿ ಹತ್ತು ಸಲ ಬೀಳುತ್ತಾನೆ. ಪಟ್ಟು ಕಲಿಸಲು ಬೀಳುತ್ತಾನೆ, ಶಿಷ್ಯನಿಗೂ ಅದು ಗೊತ್ತು. ಯಾರೂ ಅದನ್ನು ನೂರಾ ಎನ್ನುವುದಿಲ್ಲ. ಬಿದ್ದದ್ದು ಎರಡು ಕಡೆಯೂ ಒಂದೇ; ಒಂದು ಕಡೆ ಅದು ಬಚ್ಚಿಟ್ಟದ್ದು, ಇನ್ನೊಂದು ಕಡೆ ಬಯಲು. ಚದುರಂಗದಲ್ಲಿಯೂ ಬಲ್ಲ ಆಟಗಾರ ಹೊಸಬನೊಂದಿಗೆ ಕೂಡುವಾಗ ತನ್ನ ವಜೀರನನ್ನು ಮೊದಲೇ ತೆಗೆದು ಪಕ್ಕಕ್ಕಿಟ್ಟು ಆಡುವ ಹಳೆಯ ಪದ್ಧತಿ ಇದೆ. ಎಷ್ಟು ಬಿಟ್ಟುಕೊಟ್ಟಿದ್ದೇನೆ ಎಂಬುದು ಇಬ್ಬರಿಗೂ ಕಾಣುತ್ತದೆ. ಅದರ ಮೇಲೆ ಹೊಸಬ ಗೆದ್ದರೆ, ಗೆದ್ದದ್ದು ಸಣ್ಣದಿರಬಹುದು, ಆದರೆ ಅದು ಅವನದೇ.

ಆಟದ ಯಂತ್ರಗಳ ಚರಿತ್ರೆ ಹುಡುಗನಿಂದಲೇ ಕೇಳಿ ನಾವು ಆಮೇಲೆ ಸ್ವಲ್ಪ ಓದಿದೆವು. ಅದರ ಮೊದಲ ಪುಟವೇ ಮೋಸದ್ದು. 1770ರಲ್ಲಿ ಕೆಂಪೆಲೆನ್ ಎಂಬವನು ವಿಯೆನ್ನಾದ ರಾಣಿ ಮಾರಿಯಾ ಥೆರೆಸಾಳ ದರ್ಬಾರಿನಲ್ಲಿ ತುರ್ಕಿ ವೇಷದ ಗೊಂಬೆಯೊಂದು ಚದುರಂಗ ಆಡುವುದನ್ನು ತೋರಿಸಿದ. ಪೆಟ್ಟಿಗೆಯ ಬಾಗಿಲು ತೆರೆದರೆ ಒಳಗೆ ಹಲ್ಲುಗಾಲಿಗಳು. ಆದರೆ ಅವುಗಳ ಹಿಂದೆ ಒಬ್ಬ ನುರಿತ ಆಟಗಾರ ಮುದುಡಿ ಕೂತಿರುತ್ತಿದ್ದ. ನೆಪೋಲಿಯನ್ನನಂಥವನೂ 1809ರಲ್ಲಿ ಅದರೊಂದಿಗೆ ಆಡಿ ಸೋತ. ಅದು ಊರೂರು ತಿರುಗಿ ಹಣ ಮಾಡಿತು, ಕೊನೆಗೆ 1854ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಕಿಗೆ ಸಿಕ್ಕಿ ಉರಿದು ಹೋಯಿತು. ಆಗ ಯಂತ್ರದ ಹಿಂದೆ ಮನುಷ್ಯನ ಬಲವನ್ನು ಬಚ್ಚಿಟ್ಟರು. ನಮ್ಮ ಹುಡುಗ ಬಚ್ಚಿಟ್ಟದ್ದು ಯಂತ್ರದ ಬಲವನ್ನು. ಅವನ ಮನಸ್ಸಿನಲ್ಲಿ ಹಣವಿರಲಿಲ್ಲ, ಪ್ರೀತಿ ಇತ್ತು. ಕೂತವರಿಗೆ ತಾವು ಯಾರೊಂದಿಗೆ ಆಡುತ್ತಿದ್ದೇವೆಂದು ತಿಳಿಯದೆ ಹೋದದ್ದು ಮಾತ್ರ ಎರಡೂ ಕಡೆ ಒಂದೇ.

ಇದಕ್ಕೆ ಎದುರಾಗಿ ಸ್ಪೇನಿನ ಟೊರೆಸ್ ಕೆವೆಡೊ ಎಂಬ ಇಂಜಿನಿಯರ್ 1912ರಲ್ಲಿ ಕಟ್ಟಿದ ಯಂತ್ರ ನಮಗೆ ಬಹಳ ಮೆಚ್ಚುಗೆಯಾಯಿತು. ಅದರ ಒಳಗೆ ಯಾರೂ ಇರಲಿಲ್ಲ. ಇಡೀ ಆಟ ಅದಕ್ಕೆ ಬರುತ್ತಿರಲಿಲ್ಲ, ಬರುತ್ತದೆಂದು ಅವನು ಹೇಳಿಕೊಳ್ಳಲೂ ಇಲ್ಲ. ತನ್ನ ರಾಜ ಮತ್ತು ಆನೆಯಿಂದ ಎದುರಿನ ಒಂಟಿ ರಾಜನನ್ನು ಕಟ್ಟಿಹಾಕುವುದು, ಇಷ್ಟೇ ಅದರ ಕೆಲಸ; ಅದನ್ನು ತಪ್ಪದೆ ಮಾಡುತ್ತಿತ್ತು. ಎದುರಿನವನು ನಿಯಮ ಬಿಟ್ಟು ನಡೆದರೆ ದೀಪ ಹಚ್ಚಿ ತೋರಿಸುತ್ತಿತ್ತು, ಮೂರು ಸಲ ತಪ್ಪಿದರೆ ಆಟವನ್ನೇ ನಿಲ್ಲಿಸುತ್ತಿತ್ತು. ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಆ ಯಂತ್ರದಲ್ಲಿ ಒಂದು ಅಂಗಡಿಗಾರನ ಪ್ರಾಮಾಣಿಕತೆ ಕಾಣುತ್ತದೆ: ನನ್ನ ಬಳಿ ಇರುವ ಸರಕು ಇದು, ಇದರ ತೂಕ ಇಷ್ಟು.

ಸದಾ ಗೆಲ್ಲುವುದು ಪ್ರಾಮಾಣಿಕ, ಸೋಲುವುದು ಅಪ್ರಾಮಾಣಿಕ ಎಂದು ಇಷ್ಟರ ಮೇಲೆ ಯಾರೂ ತೀರ್ಮಾನಿಸಬಾರದು. ಜಪಾನಿನ ಟೋಕಿಯೋ ವಿಶ್ವವಿದ್ಯಾಲಯದ ಇಶಿಕಾವಾ ಪ್ರಯೋಗಾಲಯದವರು 2012ರಲ್ಲಿ ಕಲ್ಲು-ಕಾಗದ-ಕತ್ತರಿ ಆಡುವ ಯಂತ್ರದ ಕೈಯೊಂದನ್ನು ತೋರಿಸಿದರು. ಅದು ನೂರಕ್ಕೆ ನೂರು ಸಲ ಗೆಲ್ಲುತ್ತದೆ. ಹೇಗೆಂದರೆ, ನಿಮ್ಮ ಬೆರಳುಗಳು ಬಿಚ್ಚಿಕೊಳ್ಳುವಾಗಲೇ ಅದರ ಕ್ಯಾಮೆರಾ ನೀವು ಯಾವುದನ್ನು ತೋರಿಸಲಿದ್ದೀರೆಂದು ಕಂಡು, ಕಣ್ಣಿಗೆ ತಿಳಿಯದಷ್ಟು ಬೇಗ ಅದಕ್ಕೆ ಮೀರಿದ್ದನ್ನು ತೋರಿಸುತ್ತದೆ. ಓಣಿಯ ಮಕ್ಕಳು ಹೀಗೆ ಮಾಡಿದರೆ "ತಡಾ ಮಾಡಿ ತೆಗಿದಿ" ಎಂದು ಆಟದಿಂದ ಹೊರಗೆ ಹಾಕುತ್ತಾರೆ. ಆದರೆ ಆ ಪ್ರಯೋಗಾಲಯದವರು ತಮ್ಮ ಗುಟ್ಟನ್ನು ಮುಚ್ಚಿಡಲಿಲ್ಲ. ಯಂತ್ರದ ಕಣ್ಣು-ಕೈಗಳ ವೇಗ ತೋರಿಸಲೆಂದೇ ಕಟ್ಟಿದರು. ನೋಡಿದವರಿಗೆ ಅದು ಆಟವಲ್ಲ, ಪ್ರದರ್ಶನ ಎಂದು ತಿಳಿದಿತ್ತು.

ಅದೇ ಜಪಾನಿನ ಓಮ್ರಾನ್ ಕಂಪನಿ 2013ರಿಂದ ಟೇಬಲ್ ಟೆನ್ನಿಸ್ ಆಡುವ ಯಂತ್ರವೊಂದನ್ನು ಬೆಳೆಸುತ್ತ ಬಂದಿದೆ, ಫೋರ್ಫಿಯಸ್ ಎಂದು ಹೆಸರು. ಅದರ ಗುರಿ ಗೆಲ್ಲುವುದಲ್ಲ. ಎದುರಿನವರ ಆಟದ ಹದ ನೋಡಿ, ಅವರು ಹೊಡೆಯಬಲ್ಲ ಹಾಗೆ ಚೆಂಡನ್ನು ಹಿಂದಿರುಗಿಸಿ, ಆಟ ಕಡಿಯದಂತೆ ನಡೆಸುವುದು. ಕಟ್ಟಿದವರು ಇದನ್ನು ಮೊದಲೇ ಸಾರಿದ್ದಾರೆ. ಅದಕ್ಕೆ ಟೇಬಲ್ ಟೆನ್ನಿಸ್ ಕಲಿಸುವ ಯಂತ್ರವೆಂದೇ 2016ರಲ್ಲಿ ಗಿನ್ನೆಸ್ ಪುಸ್ತಕದಲ್ಲಿ ದಾಖ್ಲೆ ಸಿಕ್ಕಿತು. ಗೂಗಲ್ಲಿನ ಡೀಪ್‌ಮೈಂಡ್ ಎಂಬವರು 2024ರಲ್ಲಿ ಇನ್ನೊಂದು ಟೇಬಲ್ ಟೆನ್ನಿಸ್ ಯಂತ್ರವನ್ನು 29 ಜನರೊಂದಿಗೆ ಆಡಿಸಿದರು. ಅದು 13 ಪಂದ್ಯ ಗೆದ್ದು ಉಳಿದುವನ್ನು ಸೋತಿತು. ಹೊಸಬರನ್ನೆಲ್ಲ ಸೋಲಿಸಿತು, ನುರಿತವರೆಲ್ಲರಿಗೂ ಸೋತಿತು. ಅಲ್ಲಿ ಬೇಕೆಂದು ಸೋತದ್ದಿಲ್ಲ, ಅದಕ್ಕೆ ಬರುವುದೇ ಅಷ್ಟು. ಸೋತವರೂ ಆಟ ಸೊಗಸಾಗಿತ್ತು ಎಂದರಂತೆ. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಸೋಲಿಗೆ ಮನುಷ್ಯ ಹೆದರುವುದಕ್ಕಿಂತ ಹೆಚ್ಚು ಹೆದರುವುದು ತನ್ನನ್ನು ಲೆಕ್ಕಕ್ಕೆ ಹಿಡಿಯದೆ ಇರುವುದಕ್ಕೆ.

ಇದನ್ನೆಲ್ಲ ನಾವು ಹುಡುಗನಿಗೆ ಹೇಳಿದ್ದು ಗಣೇಶ ಚೌತಿಯ ರಜೆಯಲ್ಲಿ ಅವನು ಮತ್ತೆ ಬಂದಾಗ. ಅವನು ಕೇಳಿ ಸುಮ್ಮನೆ ಕೂತ. ಆಮೇಲೆ ನಮ್ಮನ್ನು ತಿರುಗಿ ಕೇಳಿದ: "ನೀವು ನಿಮ್ಮ ತಂದೆಯವರಿಗೆ ಸೋತಾಗ ನಿಮಗೆ ಒಂದಿಷ್ಟು ಕಷ್ಟ ಆಗಿತ್ತಲ್ಲ್ರಿ? ಗೆಲ್ಲೋದನ್ನ ಬಿಟ್ಟಿದ್ರಿ. ಯಂತ್ರಕ್ಕೆ ಅದೂ ಇಲ್ಲ. ಹಂಗಾದ್ರ ನಿಮ್ಮದು ನನ್ನಕ್ಕಿಂತ ಕಮ್ಮಿ ತಪ್ಪು ಏನ್ರಿ?" ಈ ಮಾತು ನಮಗೆ ಹೊಳೆದಿರಲಿಲ್ಲ. ನಾವು ಸೋತದ್ದರಲ್ಲಿ ಮೋಸವಿತ್ತು, ಆದರೆ ನಮ್ಮ ಕೈಯಿಂದ ಏನೋ ಹೋಗಿತ್ತು ಎಂಬುದೂ ನಿಜ. ಯಂತ್ರದ ಕೈಯಿಂದ ಏನೂ ಹೋಗುವುದಿಲ್ಲ. ಗೆದ್ದರೂ ಅದಕ್ಕೆ ಪೇಡೆ ಇಲ್ಲ, ಸೋತರೂ ಊಟ ಸೇರದು ಎಂಬುದಿಲ್ಲ. ಹಾಗಾದರೆ ಮಾಸ್ತರರ ಎದುರಿಗೆ ನಿಜವಾಗಿ ಕೂತಿದ್ದವರು ಯಾರು? ಮೆಟ್ಟಿಲನ್ನು ಸೊನ್ನೆಗೆ ತಿರುಗಿಸಿದ ಕೈ ಹುಡುಗನದು. ಮಾತಾಡಿದ ದನಿ ಅವನದು. ಮಾಸ್ತರರು ಬೇಸರಪಟ್ಟದ್ದು ಯಂತ್ರದ ಮೇಲೆ ಅಲ್ಲ, ತಮ್ಮ ವಿದ್ಯಾರ್ಥಿಯ ಮಗನ ಮೇಲೆ. ಇದನ್ನು ಹೇಳಿದಾಗ ಹುಡುಗ, ಹಾಗಾದರೆ ಯಂತ್ರ ತಿದ್ದಿದರೆ ಸಾಲದು, ನಾನೇ ಹೋಗಿ ಹೇಳಬೇಕು ಎಂದ. ಹೌದೆಂದೆವು.

ಅವನು ಎರಡನ್ನೂ ಮಾಡಿದ. ಮಣೆಯ ಪಕ್ಕಕ್ಕೆ ಒಂದು ಗುಂಡಿ ಕೂಡಿಸಿ, ಅದರ ಸುತ್ತ ಬೆರಳಿಗೆ ತಿಳಿಯುವ ಉಬ್ಬು ಚುಕ್ಕೆಗಳನ್ನಿಟ್ಟ. ಗುಂಡಿ ತಿರುಗಿಸಿದಾಗ ಯಂತ್ರ ತನ್ನ ಮೆಟ್ಟಿಲನ್ನು ಗಟ್ಟಿಯಾಗಿ ಹೇಳುತ್ತದೆ. ಆಟದ ಮೊದಲಿಗೂ ಕೊನೆಗೂ ಹೇಳುತ್ತದೆ. ತಿರುಗಿಸುವುದು ಕೂತವರ ಕೈಯಲ್ಲಿಯೇ. ಮಾಸ್ತರರ ಮನೆಗೆ ಎರಡು ಸಲ ಹೋದಾಗ ಅವರು ಹೊರಗೆ ಬರಲಿಲ್ಲ. ಮೂರನೆಯ ಸಲ ಕರೆದು ಕೂಡಿಸಿಕೊಂಡು, ಗುಂಡಿಯ ಚುಕ್ಕೆಗಳನ್ನು ಮುಟ್ಟಿ ನೋಡಿ, ನೇರ ಇಪ್ಪತ್ತಕ್ಕೆ ತಿರುಗಿಸಿದರಂತೆ. ಹತ್ತೊಂಬತ್ತು ನಡೆಗಳಲ್ಲಿ ಸೋತರು. "ಹಾಂ, ಇದು ಖರೆ" ಎಂದರಂತೆ. ಆಮೇಲೆ ತಾವೇ ಒಂದೊಂದೇ ಮೆಟ್ಟಿಲು ಇಳಿಸುತ್ತ ಬಂದು ಐದಕ್ಕೆ ನಿಲ್ಲಿಸಿದರು. ಐದರಲ್ಲಿ ನಾಲ್ಕು ಸೋತು ಒಂದು ಗೆಲ್ಲುತ್ತಾರೆ. ಗೆದ್ದ ದಿನ ಪುಣೆಗೆ ಫೋನು ಮಾಡುವುದಿಲ್ಲವಂತೆ, ತಂಗಿಯ ಮೊಮ್ಮಗನಿಗೆ ಮಾತ್ರ ಹೇಳುತ್ತಾರೆ.

ದೀಪಾವಳಿ ಮುಗಿದ ಮೇಲೆ ಭಕ್ತರ ಭೇಟಿಗೆಂದು ದಾಳಿಂಬದ ಕಡೆ ಹೋದಾಗ ನಾವು ಅವರ ಮನೆಗೂ ಹೋದೆವು. ಮಣೆ ಪಡಸಾಲೆಯಲ್ಲಿ ಇತ್ತು. ಮಾಸ್ತರರು ಯಂತ್ರದ ತಂತಿ ಕಿತ್ತು ಪಕ್ಕಕ್ಕಿಡಲು ಹೇಳಿ, "ಬಂದಿದ್ದೀರಿ, ಕೂಡ್ರಿ. ನಿಮ್ಮದು ಎಷ್ಟನೇ ಮೆಟ್ಟಿಲು?" ಎಂದರು. ನಮಗೆ ಆಟ ಅಷ್ಟಕ್ಕಷ್ಟೇ ಎಂದೆವು. ಅವರು ತಮ್ಮ ಸಾಲನ್ನು ಬೆರಳಿನಿಂದ ಎಣಿಸಿ, ವಜೀರನನ್ನು ಎತ್ತಿ ನಮ್ಮ ಕೈಯಲ್ಲಿ ಇಟ್ಟರು. ಕಣ್ಣಿದ್ದವರಿಗೆ ಕಣ್ಣಿಲ್ಲದವರು ಬಿಟ್ಟುಕೊಟ್ಟ ಆಟ. ಆದರೂ ನಾವೇ ಸೋತೆವು. ಅರ್ಧ ತಾಸೂ ಹಿಡಿಯಲಿಲ್ಲ.

ಹುಡುಗರು ಬೇಸಿಗೆಯೊಳಗೆ ಇನ್ನೆರಡು ಮಣೆ ಕಟ್ಟುವವರಿದ್ದಾರೆ. ಮಜೂರಿ ಬೇಡವೆಂದಿದ್ದಾರೆ, ಸಾಮಾನಿನ ಖರ್ಚು ಮಾತ್ರ. ಉಮರ್ಗಾ, ನಿಲಂಗಾ, ಉದಗೀರ ಭಾಗದ ಭಕ್ತರ ಮನೆಗಳಲ್ಲಿ ಕಣ್ಣು ಹೋದ ಹಿರಿಯರಾಗಲಿ ಮಕ್ಕಳಾಗಲಿ ಈ ಆಟ ಬಲ್ಲವರಿದ್ದರೆ ಅಥವಾ ಕಲಿಯಬಯಸಿದರೆ ಶ್ರೀಮಠದ ಕಚೇರಿಗೆ ತಿಳಿಸಬೇಕು. ಹಳೆಯ ಪ್ರಿಂಟರು ಮೂಲೆಗೆ ಬಿದ್ದಿದ್ದರೆ ಅದನ್ನೂ ತಂದುಕೊಡಬಹುದು. ಮೋಟಾರು ಉಪಯೋಗಕ್ಕೆ ಬರುತ್ತದೆ.